ಐದು ಡಾಲರಿನ ಲೆಕ್ಕ

ಕೆನಡಾದ ಸಾಸ್ಕಟೂನಿಗೆ ಓದಲು ಬರುತ್ತಿದ್ದೀರಿ, ಸಂತೋಷ. ಮನೆಯನ್ನು ಬಸ್ ಹೋಗುವ ಕಡೆ ಹಿಡಿಯಿರಿ. ದಪ್ಪ ಕೋಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ, ಇಲ್ಲಿನ ಜನವರಿಗೆ ಅದು ಸಾಲದು. ಸಾರಿನ ಪುಡಿ ಅಮ್ಮನ ಕೈಯದೇ ಇರಲಿ.

'ಅಲ್ಲಿನ ಮೂಲನಿವಾಸಿಗಳಿಗೂ ಅವರ ಮುಖಂಡರಿಗೂ ಸರ್ಕಾರ ಬಿಟ್ಟಿ ಹಣ ಕೊಡುತ್ತದಂತೆ, ನಿಜವೇ?' ಎಂದೂ ಕೇಳಿದ್ದೀರಿ. ನಾನು ಬಂದಿಳಿದ ವಾರವೇ ನಮ್ಮವರೊಬ್ಬರು ಹುಳಿ ಬಡಿಸುತ್ತಾ ಇದೇ ಮಾತು ಹೇಳಿದ್ದರು. ಅವರು ಬಡಿಸಿದ್ದರಲ್ಲಿ ಹುಳಿಯೊಂದೇ ಚೆನ್ನಾಗಿತ್ತು.

ಈ ಊರಿರುವುದು ಆರನೆಯ ಒಪ್ಪಂದದ ನೆಲದಲ್ಲಿ. 1876ರಲ್ಲಿ ಕಾರ್ಲ್ಟನ್ ಕೋಟೆಯಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಮುಖಂಡರು ವಿಕ್ಟೋರಿಯಾ ರಾಣಿಯ ಪ್ರತಿನಿಧಿಗಳ ಜೊತೆ ಮಾಡಿಕೊಂಡದ್ದು. ನೆಲಕ್ಕೆ ಬದಲಾಗಿ ವರ್ಷಕ್ಕೆ ತಲೆಗೆ 5 ಡಾಲರ್, ಮುಖ್ಯಸ್ಥನಿಗೆ 25, ಅವನ ಕೈಕೆಳಗಿನ ನಾಲ್ವರವರೆಗೆ ತಲಾ 15, ಮುಖ್ಯಸ್ಥನಿಗೂ ಈ ನಾಲ್ವರಿಗೂ ಮೂರು ವರ್ಷಕ್ಕೊಮ್ಮೆ ಒಂದು ಜೊತೆ ಉಡುಪು. ಮೊತ್ತ ಇಂದಿಗೂ ಅಷ್ಟೇ! ಪ್ರತಿ ವರ್ಷ ಒಪ್ಪಂದದ ದಿನ ಅಧಿಕಾರಿಗಳು ಮೇಜು ಹಾಕಿಕೊಂಡು, ಪಟ್ಟಿಯಲ್ಲಿ ಹೆಸರು ಗುರುತಿಸಿ ಗರಿಗರಿ ನೋಟು ಕೊಡುತ್ತಾರೆ; ಪಕ್ಕದಲ್ಲಿ ಕೆಂಪು ಕೋಟಿನ ಪೊಲೀಸ್ ಕೈಕುಲುಕುತ್ತಾನೆ. ಕಾಫಿ ಖರ್ಚಿಗೆ ಸರಿಹೋಗುವ ಹಣಕ್ಕೆ ಮುದುಕಿಯರು ಮೊಮ್ಮಕ್ಕಳೊಂದಿಗೆ ಸಾಲಿನಲ್ಲಿ ನಿಲ್ಲುತ್ತಾರೆ. ಸರ್ಕಾರ ಮಾತು ಕೊಟ್ಟದ್ದಕ್ಕೆ ಅದೇ ಸಾಕ್ಷಿ.

ಇನಾಮು ಜಮೀನು ಹೋದ ದೇವಸ್ಥಾನಕ್ಕೆ ಬರುವ ತಸ್ತೀಕನ್ನು ನಮ್ಮೂರಿನಲ್ಲಿ ಯಾರಾದರೂ ಬಿಟ್ಟಿ ಹಣ ಎಂದಾರೆಯೇ?

ಒಂಟಾರಿಯೊ ಪ್ರಾಂತ್ಯದ ಹ್ಯೂರಾನ್ ಸರೋವರದ ಕಡೆ ಇನ್ನೂ ಅನ್ಯಾಯ. ನೆಲದ ಆದಾಯ ಏರಿದರೆ ಈ ಹಣವೂ ಏರಬೇಕೆಂದು 1850ರ ಒಪ್ಪಂದದಲ್ಲೇ ಇತ್ತು. ಗಣಿ, ಮರದ ಆದಾಯ ಏರಿತು. ಅಲ್ಲಿನ ಮೂಲನಿವಾಸಿಗಳ ಹಣ ಮಾತ್ರ ತಲೆಗೆ 1875ರಿಂದ 4 ಡಾಲರಿಗೇ ನಿಂತಿತು. ನ್ಯಾಯಾಲಯ ಹತ್ತಿದ ಮೇಲೆ 2023ರಲ್ಲಿ 1,000 ಕೋಟಿ ಡಾಲರಿಗೆ ರಾಜಿಯಾಯಿತು, ಅರ್ಧ ಕೇಂದ್ರದ್ದು, ಅರ್ಧ ಒಂಟಾರಿಯೊದ್ದು.

ಮೂಲನಿವಾಸಿಗಳು ತೆರಿಗೆಯನ್ನೇ ಕಟ್ಟುವುದಿಲ್ಲ ಎಂಬುದೂ ಸುಳ್ಳು. ಆದಾಯ ತೆರಿಗೆಯ ವಿನಾಯಿತಿ ಮುಖ್ಯವಾಗಿ ಅವರಿಗೆಂದು ಮೀಸಲಿಟ್ಟ ನೆಲದಲ್ಲಿ ದುಡಿದದ್ದಕ್ಕೆ. ಅಲ್ಲಿನ ಶಾಲೆಗಳಿಗೆ ಕೇಂದ್ರ ಹಣ ಕೊಡುತ್ತದೆ ನಿಜ. ನಮ್ಮ ಮಕ್ಕಳ ಶಾಲೆಗೆ ಪ್ರಾಂತ್ಯ ಕೊಡುವುದಿಲ್ಲವೇ?

ನನಗೆ ಇಂದಿಗೂ ಚುಚ್ಚುವುದು ಬೇರೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ಇಲ್ಲಿ ಕುಳಿತು ಕುದಿಯುವ ನಾವು, ಇಷ್ಟು ವರ್ಷವಾದರೂ ಒಬ್ಬ ಕ್ರೀ ಹಿರಿಯರನ್ನು ನಮ್ಮ ಯುಗಾದಿ ಊಟಕ್ಕೆ ಕರೆದಿಲ್ಲ. ಒಮ್ಮೆ ಸಭೆಯಲ್ಲಿ ಎತ್ತಿದೆ. 'ನೋಡೋಣ' ಎಂದರು. ಆ 'ನೋಡೋಣ' ಏನೆಂದು ನಿಮಗೆ ವಿವರಿಸಬೇಕಿಲ್ಲ.

ಮುಂದೆ ಪೌರತ್ವ ಪಡೆಯುವಾಗ, ಒಪ್ಪಂದದ ಹಕ್ಕುಗಳನ್ನು ಎತ್ತಿಹಿಡಿಯುವ ಸಂವಿಧಾನವನ್ನು ಪಾಲಿಸುವುದಾಗಿ ನೀವೂ ಪ್ರಮಾಣ ಮಾಡಬೇಕು, 2021ರಲ್ಲಿ ಸೇರಿಸಿದ್ದಾರೆ. ಅದಿನ್ನೂ ದೂರ. ಈಗ ವಿಮಾನದ ಸಮಯ ತಿಳಿಸಿ, ಕಾರು ತರುತ್ತೇನೆ.