ಕ್ಯಾಲಿಫೋರ್ನಿಯಾದ ಮತಕ್ಕೆ ಬೆಲೆ ಇಲ್ಲವೇ?

ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟಿಕ್ ಪಕ್ಷ ಗೆಲ್ಲುವುದು ಖಚಿತವಾಗಿರುವಾಗ, ಹೊಸದಾಗಿ ಪೌರತ್ವ ಪಡೆದ ನಿಮ್ಮ ಅಣ್ಣ ಮತ ಹಾಕಿ ಏನು ಪ್ರಯೋಜನ ಎಂದು ಕೇಳಿದ್ದೀರಿ. ಅಧ್ಯಕ್ಷರ ಆಯ್ಕೆಯ ಮಟ್ಟಿಗೆ ನಿಮ್ಮ ಅನುಮಾನ ಬಹುಪಾಲು ಸರಿ. 1988ರ ನಂತರ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗೆದ್ದಿಲ್ಲ. ಅಮೆರಿಕದ ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವ ಪ್ರತಿನಿಧಿಗಳಾದ ಒಟ್ಟು 538 ಎಲೆಕ್ಟರ್‌ಗಳಲ್ಲಿ ಆ ರಾಜ್ಯದ ಪಾಲು 54. ಒಂದೇ ಮತದಿಂದ ಗೆದ್ದರೂ ಅಷ್ಟೂ ಗೆದ್ದವರಿಗೇ. ಮೇಯ್ನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಎಲ್ಲ ರಾಜ್ಯಗಳದ್ದೂ ಇದೇ ಪದ್ಧತಿ. ಹಾಗಾಗಿಯೇ 2000ದಲ್ಲಿ ದೇಶದಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆ ಇದ್ದ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್, ಫ್ಲೋರಿಡಾದಲ್ಲಿ ಕೇವಲ 537 ಮತಗಳಿಂದ ಹಿಂದೆ ಬಿದ್ದು ಅಧ್ಯಕ್ಷ ಪದವಿಯನ್ನೇ ಕಳೆದುಕೊಂಡರು. ನನಗಂತೂ ಇದು ನ್ಯಾಯವೆನಿಸುವುದಿಲ್ಲ.

ಆದರೆ ಅಣ್ಣನ ಕೈಗೆ ಬರುವ ಮತಪತ್ರವನ್ನು ಒಮ್ಮೆ ನೋಡಿ. ಅಧ್ಯಕ್ಷರದ್ದು ಅದರಲ್ಲಿ ಒಂದು ಸಾಲು ಮಾತ್ರ. ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸದಸ್ಯ, ಶಾಲಾ ಮಂಡಳಿ, ನಗರಸಭೆ, ನ್ಯಾಯಾಧೀಶರು, ಜೊತೆಗೆ ಜನರೇ ನೇರವಾಗಿ ತೀರ್ಮಾನಿಸುವ ಕಾನೂನು ಪ್ರಸ್ತಾವಗಳಾದ 'ಪ್ರೊಪೊಸಿಷನ್'ಗಳು. (ಅವುಗಳ ವಿವರಣೆಯ ಪುಸ್ತಕ ಓದುವುದೇ ಪರೀಕ್ಷೆಗೆ ಕುಳಿತಂತೆ.) 1978ರಲ್ಲಿ ಹೀಗೆ ಅಂಗೀಕಾರವಾದ 13ನೆಯ ಪ್ರೊಪೊಸಿಷನ್ ಇಂದಿಗೂ ಅಲ್ಲಿನ ಮನೆ ತೆರಿಗೆಗೆ ಮಿತಿ ಹಾಕಿದೆ. ಅಣ್ಣ ಮನೆ ಕೊಂಡಿದ್ದರೆ, ಶ್ವೇತಭವನದಲ್ಲಿ ಯಾರಿದ್ದರೂ ಅವರ ತೆರಿಗೆ ಚೀಟಿಯಲ್ಲಿ ಆ ಹಳೆಯ ಮತದಾರರ ಕೈ ಇದ್ದೇ ಇದೆ. ಮತಪತ್ರವನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬರಲು ಹೇಳಿ.