ಕುಮುದ್ವತಿಯ ನಕ್ಷೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಾನು ನೆಲಮಂಗಲದವಳು, ಎಂ.ಎಸ್ಸಿ. ಓದುತ್ತಿದ್ದೇನೆ. ಕುಮುದ್ವತಿ ನದಿಯ ಜಲಾನಯನದ ಮೇಲೆ ಪ್ರಾಜೆಕ್ಟ್ ಮಾಡಬೇಕು. ನಕ್ಷೆ, ಮಳೆ, ಅಂತರ್ಜಲ, ನದಿ ಹರಿವಿನ ಅಂಕಿಅಂಶ ಪುಕ್ಕಟೆಯಾಗಿ ಎಲ್ಲಿ ಸಿಗುತ್ತದೆ ಸರ್?

ಉತ್ತರ: ಮೊದಲು ಜಲಾನಯನದ, ಅಂದರೆ ಮಳೆನೀರು ಹರಿದು ಈ ನದಿಗೆ ಸೇರುವ ಪ್ರದೇಶದ, ಗಡಿ ಗೆರೆ ಎಳೆಯಿರಿ, ಆಮೇಲೆ ಅಂಕಿಅಂಶ ಹುಡುಕಿ. ಸುಮ್ನೆ ಸಿಕ್ಕಿದ್ದೆಲ್ಲ ಡೌನ್‌ಲೋಡ್ ಮಾಡಿಕೊಂಡರೆ ಕಂಪ್ಯೂಟರ್ ತುಂಬುತ್ತದೆ, ಅಷ್ಟೇ.

ಗಡಿ ಎಳೆಯಲು ನೆಲದ ಎತ್ತರದ ಮಾಹಿತಿ ಬೇಕು. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೊಡೆಮ್ ಎಂಬ ಎತ್ತರದ ದತ್ತಾಂಶ ಇದೆ. 2000ದ ಫೆಬ್ರುವರಿಯಲ್ಲಿ ನಾಸಾ ನೌಕೆಯಿಂದ ರಾಡಾರ್ ಬಳಸಿ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಕೂಡ ಪುಕ್ಕಟೆ. ಎರಡರಲ್ಲೂ ಒಂದೊಂದು ಚೌಕ ಸುಮಾರು 30 ಮೀಟರ್. ಗೆರೆ ಎಳೆಯುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೂ ದುಡ್ಡು ಕೊಡಬೇಕಿಲ್ಲ. ಜಲಾನಯನದ ನೀರು ಹೊರಬೀಳುವ ಜಾಗವನ್ನು ಚುಕ್ಕಿಯಿಟ್ಟು ಗುರುತಿಸುವಾಗ ಮಾತ್ರ ಹುಷಾರು. ಚುಕ್ಕಿಯನ್ನು ಎರಡು ನದಿ ಕೂಡುವ ತಿಪ್ಪಗೊಂಡನಹಳ್ಳಿ ಅಣೆಕಟ್ಟೆಯ ಮೇಲೆ ಇಟ್ಟರೆ ನಂದಿಬೆಟ್ಟದಿಂದ ಬರುವ ಅರ್ಕಾವತಿಯೂ ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ! ಕುಮುದ್ವತಿ ನದಿಯು ಆ ಜಲಾಶಯವನ್ನು ಸೇರುವುದಕ್ಕೆ ಸ್ವಲ್ಪ ಮೊದಲೇ ಇಡಿ.

ಬಂದ ಗೆರೆಯನ್ನು ಹಾಗೇ ನಂಬಬೇಡಿ. ನಿಮ್ಮದು ಕೆರೆಗಳ ಸೀಮೆ. ಕೆರೆ ಏರಿ 30 ಮೀಟರಿನ ಚೌಕದಲ್ಲಿ ಸರಿಯಾಗಿ ಕಾಣುವುದಿಲ್ಲ. ತಂತ್ರಾಂಶ ತಗ್ಗನ್ನೆಲ್ಲ ತುಂಬಿಸಿ, ತನಗೆ ತೋಚಿದ ಕಡೆ ನೀರು ಹರಿಸುತ್ತದೆ. ನಿಜವಾದ ಕೋಡಿ ಇನ್ನೊಂದು ಮೂಲೆಯಲ್ಲಿ ಇರಬಹುದು. ನೀಲಗಿರಿ ತೋಪು ಇದ್ದ ಕಡೆ ರಾಡಾರ್ ಅಳೆದದ್ದು ನೆಲವನ್ನಲ್ಲ, ಹೆಚ್ಚುಕಡಿಮೆ ಮರದ ತಲೆಯನ್ನು. ಹಾಗಾಗಿ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಹಾಳೆಯ ಜೊತೆ ಹೋಲಿಸಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನೂ ನೋಡಿ. ಹಳ್ಳ, ಕೆರೆ ಅಂಗಳ, ಖರಾಬು (ಸಾಗುವಳಿಗೆ ಬಾರದ ಜಮೀನು) ಅದರಲ್ಲಿ ಸರ್ವೆ ನಂಬರಿನ ಸಮೇತ ಇರುತ್ತವೆ. ಅನುಮಾನ ಬಂದ ಕಡೆ ಹೋಗಿ ಊರಿನ ಹಿರಿಯರನ್ನು ಕೇಳಿ. ಕೋಡಿ ನೀರು ಎತ್ತ ಹೋಗುತ್ತದೆ ಅಂತ ಅವರಿಗಿಂತ ಜಾಸ್ತಿ ಯಾರಿಗೆ ಗೊತ್ತು?

ಮಳೆಗೆ ಹವಾಮಾನ ಇಲಾಖೆ ನೆಲವನ್ನು ಚೌಕಗಳಾಗಿ ವಿಂಗಡಿಸಿ ಕೊಡುವ ದತ್ತಾಂಶ 1901ರಿಂದಲೇ ಇದೆ. ಆದರೆ ಒಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ನಿಮ್ಮ ಜಲಾನಯನ ಅಂಥ ಕೆಲವೇ ಚೌಕದಲ್ಲಿ ಮುಗಿದುಹೋಗುತ್ತದೆ, ಅಲ್ವಾ? ದೀರ್ಘಾವಧಿಯ ಏರಿಳಿತ ನೋಡಲು ಅದು ಸಾಕು. ಶಿವಗಂಗೆಯಲ್ಲಿ ಬಿದ್ದ ಮಳೆ ಬೇರೆ, ಮಾಗಡಿ ಕಡೆಯದು ಬೇರೆ ಎಂದು ತೋರಿಸಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಅಳತೆಯೇ ಬೇಕು. ಕಾಲೇಜಿನ ಪತ್ರ ಹಿಡಿದು ಕೇಳಿ.

ಅಂತರ್ಜಲ ಮಟ್ಟವನ್ನು ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ 4 ಸಲ ಅಳೆಯುತ್ತದೆ. ಆ ಅಂಕಿಗಳು ಕೇಂದ್ರ ಸರ್ಕಾರದ ಜಲ ಮಾಹಿತಿ ತಾಣವಾದ ಇಂಡಿಯಾ-ವ್ರಿಸ್‌ನಲ್ಲಿ ಸಿಗುತ್ತವೆ. ಅಳೆದದ್ದು ತೆರೆದ ಬಾವಿಯೋ ಕೊಳವೆಬಾವಿಯೋ ಎಂದು ನೋಡಿಕೊಳ್ಳಿ. ಎರಡನ್ನೂ ಒಂದೇ ಗ್ರಾಫಿಗೆ ಹಾಕಬೇಡಿ.

ಕಷ್ಟ ಇರುವುದು ಹರಿವಿನ ಲೆಕ್ಕದಲ್ಲಿ. ವ್ರಿಸ್‌ನಲ್ಲಿ ಅರ್ಕಾವತಿಯ ಟಿ. ಬೆಕುಪ್ಪೆ ಎಂಬ ಹರಿವು ಅಳೆಯುವ ಕೇಂದ್ರದ ಅಂಕಿಗಳಿವೆ. ಅದು ಕನಕಪುರದ ಕಡೆ, ತುಂಬಾ ಕೆಳಗೆ. ಅಷ್ಟರಲ್ಲಿ ವೃಷಭಾವತಿ ತಂದ ಬೆಂಗಳೂರಿನ ಕೊಳಚೆಯೂ ಸೇರಿರುತ್ತದೆ. ಕುಮುದ್ವತಿ ಬತ್ತಿದ್ದರೂ ಅಲ್ಲಿ ನೀರು ಕಾಣುತ್ತದೆ. ಅದರ ಬದಲು ತಿಪ್ಪಗೊಂಡನಹಳ್ಳಿ ಜಲಾಶಯದ ನೀರಿನ ಮಟ್ಟದ ದಾಖಲೆಯನ್ನು ಬೆಂಗಳೂರು ಜಲಮಂಡಳಿಗೆ ಕೇಳಿ. ಅದರಲ್ಲೂ ಎರಡು ನದಿಗಳ ನೀರು ಬೆರೆತಿರುತ್ತದೆ ಎಂಬುದನ್ನು ವರದಿಯಲ್ಲಿ ಮರೆಯದೆ ಬರೆಯಿರಿ.