ಗೋಡೆಯ ಮೇಲಿನ ಮುಖ ಕೆಂಪಾದಾಗ: ಫೋಟೊ ಪ್ರಿಂಟರಿನ ಶಾಯಿ, ಹಾಳೆಯ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮಂಡ್ಯದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಒಳಗೇ ಜೆರಾಕ್ಸ್ ಯಂತ್ರವನ್ನೂ ಇಟ್ಟುಕೊಂಡಿದ್ದೇನೆ. ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರಿಗೆ ಲೀಟರ್ ಲೆಕ್ಕದಲ್ಲಿ ಸಿಗುವ ಬೇರೆ ಕಂಪನಿಯ ಶಾಯಿ ತುಂಬಿಸುತ್ತೇನೆ. ಹಾಳೆ 230 ಜಿಎಸ್‌ಎಂ ಗ್ಲಾಸಿ. ಗಿರಾಕಿಯೊಬ್ಬರು ತೀರಿಕೊಂಡ ತಂದೆಯವರ ಫೋಟೊ ಮಾಡಿಸಿ, ಗಾಜಿಲ್ಲದ ಕಟ್ಟು ಹಾಕಿಸಿಕೊಂಡು ಹೋಗಿದ್ದರು. ಮೊದಲ ವರ್ಷದ ತಿಥಿ ಬರುವ ಮುಂಚೆಯೇ ಮುಖ ಕೆಂಪಾಗಿದೆ ಎಂದು ವಾಪಸ್ ತಂದಿದ್ದಾರೆ. ಆ ಗೋಡೆಗೆ ಬಿಸಿಲು ಬೀಳುವುದೇ ಇಲ್ಲವಂತೆ. ಅದರ ಪಕ್ಕದಲ್ಲೇ ಇರುವ ಅಜ್ಜನ ಕಪ್ಪು-ಬಿಳುಪು ಫೋಟೊ ಐವತ್ತು ವರ್ಷವಾದರೂ ಹಾಗೆಯೇ ಇದೆಯಂತೆ. ತಪ್ಪು ಪ್ರಿಂಟರಿನದೇ, ಶಾಯಿಯದೇ, ಹಾಳೆಯದೇ?

ಉತ್ತರ: ಬಿಸಿಲು ತಾಗದ ಜಾಗದಲ್ಲಿ ಫೋಟೊ ಕೆಂಪಾಗಿದ್ದರೆ ಅದನ್ನು ಕೆಡಿಸಿದ್ದು ಗಾಳಿ. ಪ್ರಿಂಟರಿನ ಪಾತ್ರ ಇದರಲ್ಲಿಲ್ಲ. ಆ ಫೋಟೊದ ಕಟ್ಟನ್ನು ಬಿಚ್ಚಿ ಅಂಚನ್ನು ನೋಡಿ. ಮರದ ಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗಿದ್ದ ಕಡ್ಡಿಯಗಲದ ಜಾಗದಲ್ಲಿ ಬಣ್ಣ ಮುದ್ರಿಸಿದ ದಿನದ ಹಾಗೆಯೇ ಉಳಿದಿರುತ್ತದೆ. ಅದಕ್ಕೆ ತಾಗಿಕೊಂಡೇ ಇರುವ ತೆರೆದ ಭಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಎರಡರ ನಡುವೆ ಕಳೆದುಹೋಗಿರುವುದು ಒಂದೇ ಶಾಯಿ, ಸಯಾನ್ ಎಂಬ ತಿಳಿನೀಲಿ. ಮನುಷ್ಯರ ಮೈಬಣ್ಣ ಬರುವುದು ಮಜೆಂಟಾ ಮತ್ತು ಹಳದಿಗೆ ತುಸುವೇ ಸಯಾನ್ ಬೆರೆತು. ಆ ತುಸು ನೀಲಿ ಹೋದರೆ ಮುಖ ಕೆಂಪೇರುತ್ತದೆ, ಕಪ್ಪು ಕೂದಲು ಕಂದಾಗುತ್ತದೆ.

ನೀಲಿಯನ್ನು ತಿನ್ನುವುದು ಓಜೋನ್. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲಮಟ್ಟದಲ್ಲೇ ಇದು ಹುಟ್ಟುತ್ತದೆ. ಹಳೆಯ ಮಾದರಿಯ ಜೆರಾಕ್ಸ್ ಯಂತ್ರಗಳ ಒಳಗಿನ ಹೈ ವೋಲ್ಟೇಜ್ ತಂತಿಯಿಂದಲೂ ಹುಟ್ಟುತ್ತದೆ. ಒಂದೇ ಸಮನೆ ನೂರಾರು ಪ್ರತಿ ತೆಗೆದಾಗ ಅಂಗಡಿಯಲ್ಲಿ ಸಿಡಿಲು ಹೊಡೆದ ಮೇಲೆ ಬರುವಂತಹ ಘಾಟು ವಾಸನೆ ಬರುತ್ತದೆಯಲ್ಲ, ಅದೇ. ನಿಮ್ಮ ಗೋಡೆಯಲ್ಲಿರುವ ಮಾದರಿ ಫೋಟೊಗಳನ್ನೂ ಒಮ್ಮೆ ಗಮನಿಸಿ. ಯಂತ್ರದ ಹತ್ತಿರದವು ಮೊದಲು ಕೆಂಪಾಗಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮುದ್ರಿಸಿದ ಹಾಳೆಗಳನ್ನು ಒಣಗಲು ಆ ಯಂತ್ರದ ಪಕ್ಕದಲ್ಲಿ ಹರಡುವುದನ್ನು ಇಂದೇ ನಿಲ್ಲಿಸಿ.

ಶಾಯಿಯಲ್ಲಿ ಎರಡು ಜಾತಿ: ಡೈ ಮತ್ತು ಪಿಗ್ಮೆಂಟ್. ಅರಿಶಿನದ ಕಲೆ ಬಿದ್ದ ಬಟ್ಟೆಯನ್ನು ನಮ್ಮ ಮನೆಗಳಲ್ಲಿ ಬಿಸಿಲಿಗೆ ಹಾಕುತ್ತಾರೆ, ಕಲೆ ತಾನಾಗಿ ಮಾಸುತ್ತದೆ. ಕೆಮ್ಮಣ್ಣಿನ ಕಲೆಯನ್ನು ಎಷ್ಟು ದಿನ ಬಿಸಿಲಿಗೆ ಹಾಕಿದರೂ ಅದು ಬಣ್ಣ ಬಿಡುವುದಿಲ್ಲ. ಡೈ ಶಾಯಿ ಅರಿಶಿನದ ಹಾಗೆ: ಬಣ್ಣ ದ್ರವದಲ್ಲಿ ಪೂರ್ತಿ ಕರಗಿ, ಬಿಡಿ ಬಿಡಿ ಅಣುಗಳಾಗಿ ಹಾಳೆಯೊಳಗೆ ಇಳಿದಿರುತ್ತದೆ. ಓಜೋನಿಗಾಗಲಿ ಬೆಳಕಿಗಾಗಲಿ ಒಂದೊಂದು ಅಣುವೂ ಸುಲಭದ ತುತ್ತು. ಪಿಗ್ಮೆಂಟ್ ಕೆಮ್ಮಣ್ಣಿನ ಹಾಗೆ: ಕರಗದ ಸೂಕ್ಷ್ಮ ಪುಡಿ. ಕಣದ ಹೊರಮೈ ಪೆಟ್ಟು ತಿಂದರೂ ಒಳಗಿನ ಬಣ್ಣ ಉಳಿಯುತ್ತದೆ. ಆ ಗೋಡೆಯ ಮೇಲಿನ ಅಜ್ಜನ ಫೋಟೊದ ಕಥೆಯೇ ಬೇರೆ. ಅದರ ಕಪ್ಪು ಶಾಯಿಯದಲ್ಲ, ಬೆಳ್ಳಿಯದು. ಮತದಾನದ ದಿನ ಬೆರಳಿಗೆ ಹಚ್ಚುವ ನಮ್ಮ ಮೈಸೂರಿನ ಶಾಯಿಯಲ್ಲಿರುವುದೂ ಬೆಳ್ಳಿಯ ಲವಣವೇ. ಬೆಳಕಿಗೆ ಕಪ್ಪಾಗಿ ವಾರಗಟ್ಟಲೆ ಹೋಗದಿರುವುದು ಅದಕ್ಕೇ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ ಅದನ್ನು 1962ರ ಚುನಾವಣೆಯಿಂದ ಒದಗಿಸುತ್ತಿದೆ.

ಇನ್ನು ಹಾಳೆ. ಅಂಗಡಿಯಲ್ಲಿ ಎಲ್ಲರೂ ಜಿಎಸ್‌ಎಂ ಕೇಳುತ್ತಾರೆ. ಅದು ಒಂದು ಚದರ ಮೀಟರ್ ಹಾಳೆಯ ತೂಕ ಅಷ್ಟೇ, ಗುಣವಲ್ಲ. ಕೇಳಬೇಕಾದದ್ದು ಹಾಳೆಯ ಜಾತಿಯನ್ನು. ನಿಮ್ಮ ಹಾಳೆಯನ್ನು ಮಗುಚಿ, ಬೆನ್ನಿನ ಮೇಲೆ ಒಂದು ಹನಿ ನೀರು ಬಿಡಿ. ನೀರು ಹೀರಿಕೊಂಡು ಅಲ್ಲಿ ಹಾಳೆ ಉಬ್ಬಿದರೆ ಅದು ಕಾಸ್ಟ್ ಕೋಟೆಡ್, ಅಂದರೆ ಸಾದಾ ಕಾಗದದ ಮೇಲೆ ಲೇಪ ಬಳಿದು ಕಾದ ಉರುಳೆಗೆ ಒತ್ತಿ ಹೊಳಪು ತಂದದ್ದು. ಹನಿ ಮಣಿಯ ಹಾಗೆ ನಿಂತರೆ ಅದು ಆರ್‌ಸಿ: ಕಾಗದದ ಎರಡೂ ಕಡೆ ಪಾಲಿಥೀನ್ ಪದರ, ಅದರ ಮೇಲೆ ಶಾಯಿ ಹಿಡಿಯುವ ಲೇಪ. ಮೂಲೆ ಹರಿದರೆ ಪ್ಲಾಸ್ಟಿಕ್ಕಿನ ತೆಳು ಪೊರೆ ಎಳೆದುಕೊಂಡು ಬರುತ್ತದೆ. ನಮ್ಮ ಪೇಟೆಯಲ್ಲಿ 180, 230 ಎಂದು ಅಗ್ಗಕ್ಕೆ ಸಿಗುವ ಹೆಚ್ಚಿನ ಗ್ಲಾಸಿ ಹಾಳೆ ಮೊದಲ ಜಾತಿಯದು. ಮಳೆಗಾಲದಲ್ಲಿ, ಅದರಲ್ಲೂ ನಾಲೆ ಬಯಲಿನ ಊರುಗಳಲ್ಲಿ, ಅದು ಥಂಡಿ ಹೀರಿ ಸುರುಳಿಯಾಗುತ್ತದೆ. ಇನ್ನೊಂದು ವಿಷಯ, ಇಂದಿನ ಬೇಗ ಒಣಗುವ ಫೋಟೊ ಹಾಳೆಗಳ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಶಾಯಿಯನ್ನು ಕ್ಷಣದಲ್ಲಿ ಒಳಗೆಳೆದುಕೊಳ್ಳುವ ಆ ರಂಧ್ರಗಳೇ ಆಮೇಲೆ ಗಾಳಿಯನ್ನೂ ಒಳಗೆ ಬಿಡುತ್ತವೆ. ರಂಧ್ರವಿರುವ ಹಾಳೆ, ಡೈ ಶಾಯಿ, ಗಾಜಿಲ್ಲದ ಕಟ್ಟು, ಈ ಮೂರೂ ಕೂಡಿದ್ದರಿಂದ ಆ ಮುಖ ಕೆಂಪಾಯಿತು.

ಲೀಟರ್ ಶಾಯಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಕೆಲಸ ಶುರುಮಾಡಿದ ವರ್ಷಗಳಲ್ಲಿ ನಾನೂ ಅದನ್ನೇ ತುಂಬುತ್ತಿದ್ದೆ. ಆಗ ಮಾಡಿಕೊಟ್ಟ ಒಂದು ಮದುವೆಯ ಗುಂಪು ಫೋಟೊ ಎರಡು ವರ್ಷದ ಮೇಲೆ ಕಣ್ಣಿಗೆ ಬಿತ್ತು. ಹಸಿರು ರೇಷ್ಮೆ ಸೀರೆ ಉಟ್ಟಿದ್ದವರೆಲ್ಲ ಮಾಸಲು ಹಳದಿಯಲ್ಲಿ ನಿಂತಿದ್ದರು. ಅಂದಿನಿಂದ ಗೋಡೆಗೆ, ಆಲ್ಬಮ್ಮಿಗೆ ಹೋಗುವ ಚಿತ್ರಕ್ಕೆ ಪ್ರಿಂಟರ್ ತಯಾರಕರ ಶಾಯಿಯನ್ನು ಬಿಟ್ಟು ಬೇರೆಯದನ್ನು ಮುಟ್ಟಿಲ್ಲ. ಎಲ್ಲ ಡೈ ಒಂದೇ ಅಲ್ಲ. ಓಜೋನಿಗೆ ತಡೆ ಒಡ್ಡುವಂತೆ ಅಣುವನ್ನೇ ಬದಲಿಸಿ ರೂಪಿಸಿದ ಡೈಗಳಿವೆ, ಅದರ ಖರ್ಚು ಬಾಟಲಿಯ ಬೆಲೆಯಲ್ಲಿ ಸೇರಿರುತ್ತದೆ. ಬಸ್ ಪಾಸಿಗೆ, ಶಾಲೆಯ ಗುರುತಿನ ಚೀಟಿಗೆ ಬೇಕಾದ ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಅಗ್ಗದ ಶಾಯಿ ಧಾರಾಳವಾಗಿ ಸಾಕು. ಆದರೆ ಒಂದೇ ಪ್ರಿಂಟರಿನಲ್ಲಿ ಎರಡನ್ನೂ ಬಳಸಲು ಆಗುವುದಿಲ್ಲ. ಹಳೆಯ ಯಂತ್ರವನ್ನು ಆ ಕೆಲಸಕ್ಕೇ ಬಿಟ್ಟು, ಫೋಟೊಗೆ ಬೇರೆಯದನ್ನು ಇಟ್ಟುಕೊಳ್ಳಿ. ಇರುವುದರಲ್ಲೇ ಶಾಯಿ ಬದಲಿಸುವುದಾದರೆ ಟ್ಯಾಂಕಿನಲ್ಲಿ ಉಳಿದದ್ದರ ಮೇಲೆ ಹೊಸದನ್ನು ಸುರಿಯಬೇಡಿ, ತಂತ್ರಜ್ಞರಿಂದ ಹಳೆಯದನ್ನು ಟ್ಯೂಬಿನಿಂದಲೂ ತೆಗೆಸಿ. ಮಗ್ಗಿಗೆ ಅಚ್ಚು ಹಾಕುವ ಸಬ್ಲಿಮೇಷನ್ ಶಾಯಿಯನ್ನಂತೂ ಫೋಟೊ ಪ್ರಿಂಟರಿಗೆ ಸೇರಿಸಲೇಬೇಡಿ. ಅದು ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ಲೇಪಕ್ಕೆ ಇಳಿದ ಮೇಲಷ್ಟೇ ತನ್ನ ನಿಜವಾದ ಬಣ್ಣ ಕೊಡುವ ಶಾಯಿ.

ಆ ಗಿರಾಕಿಗೆ ಹಣ ಕೇಳದೆ ಇನ್ನೊಂದು ಪ್ರತಿ ಮಾಡಿಕೊಡಿ. ತಂದೆಯ ಮುಖ ಅದು. ಆರ್‌ಸಿ ಹಾಳೆಯಲ್ಲಿ ಮುದ್ರಿಸಿ, ಒಂದು ಇಡೀ ದಿನ ಬಿಡಿಯಾಗಿ ಒಣಗಿಸಿ, ಆಮೇಲೆ ಗಾಜಿನ ಕಟ್ಟು ಹಾಕಿಸಿ. ಒಣಗುವ ಮೊದಲೇ ಮುಚ್ಚಿದರೆ ಶಾಯಿಯ ದ್ರಾವಕ ಆವಿಯಾಗಿ ಗಾಜಿನ ಒಳಮೈಗೆ ಮಂಜಿನಂತೆ ಕೂರುತ್ತದೆ. ಚಿತ್ರ ಗಾಜಿಗೆ ತಾಗಕೂಡದು. ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಚೌಕಟ್ಟು ಇರಲಿ. ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಫೋಟೊ ಗಾಜಿಗೆ ಅಂಟುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರ ಬರೆಯುವ ಕಲಾವಿದೆ. ಮೂಲ ಚಿತ್ರವನ್ನು ಕೊಳ್ಳಲಾಗದವರಿಗೆ ಒಳ್ಳೆಯ ಮುದ್ರಿತ ಪ್ರತಿ ಕೊಡಬೇಕೆಂದಿದ್ದೇನೆ. ಯಾವ ಹಾಳೆ, ಯಾವ ಶಾಯಿ? ಚಿನ್ನದ ಭಾಗ ಯಾವಾಗಲೂ ಕಂದು ಬಣ್ಣವಾಗಿ ಬರುತ್ತಿದೆ.

ಉತ್ತರ: ಚಿನ್ನದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ಪ್ರಿಂಟರಿನಿಂದ ಏನೂ ಆಗದು. ಚಿನ್ನದ ರೇಕು ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ನೋಡುವವರು ಅತ್ತಿತ್ತ ಸರಿದರೆ ಹೊಳಪೂ ಸರಿಯುತ್ತದೆ. ಹಾಳೆಯ ಮೇಲಿನ ಶಾಯಿಗೆ ಆ ಗುಣವಿಲ್ಲ, ಆದ್ದರಿಂದ ಅದು ಸಾಸಿವೆ ಬಣ್ಣದಲ್ಲೋ ಕಂದಿನಲ್ಲೋ ನಿಲ್ಲುತ್ತದೆ. ಪ್ರತಿಗಾಗಿ ಮೂಲ ಚಿತ್ರದ ಫೋಟೊ ತೆಗೆಯುವಾಗ ಬೆಳಕನ್ನು ಒಂದು ಪಕ್ಕದಿಂದ ಮೃದುವಾಗಿ ಕೊಟ್ಟರೆ ಒಡವೆಗಳ ಉಬ್ಬು ಕೆಲಸದ ಸಣ್ಣ ನೆರಳು ಸಿಗುತ್ತದೆ, ಕಣ್ಣು ಅರ್ಧ ಒಪ್ಪುತ್ತದೆ. ನನಗೆ ಸರಿಕಾಣುವ ದಾರಿ ಇನ್ನೊಂದು. ಮುದ್ರಿಸಿ ಒಣಗಿದ ಪ್ರತಿಯ ಮೇಲೆ ಕಿರೀಟಕ್ಕೆ, ಪ್ರಭಾವಳಿಗೆ ನೀವೇ ಕೈಯಾರೆ ರೇಕು ಕೂರಿಸಿ. ಕೊಳ್ಳುವವರಿಗೆ ನಿಮ್ಮ ಕೈಯ ಒಂದು ಗುರುತೂ ಸಿಕ್ಕಂತಾಗುತ್ತದೆ.

ಹಾಳೆಗೆ ನೂರಕ್ಕೆ ನೂರು ಹತ್ತಿಯ, ಮ್ಯಾಟ್ ಅಂದರೆ ಹೊಳಪಿಲ್ಲದ ಮೈಯ ಕಲಾ ಕಾಗದವನ್ನೇ ಹುಡುಕಿ. 1584ರಿಂದ ಕಾಗದ ಮಾಡುತ್ತಿರುವ ಜರ್ಮನಿಯ ಹಾನೆಮ್ಯೂಲೆ ಕಂಪನಿಯ ಫೋಟೊ ರ‍್ಯಾಗ್ ಇದಕ್ಕೆ ಪ್ರಸಿದ್ಧ, ತೂಕ 308 ಜಿಎಸ್‌ಎಂ. ಯಾವ ಕಂಪನಿಯದಾದರೂ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ನೋಟು ಅಸಲಿಯೋ ನಕಲಿಯೋ ಎಂದು ನೋಡುವ ನೇರಳೆ ದೀಪ ಅಂಗಡಿಗಳಲ್ಲಿ ಇರುತ್ತದಲ್ಲ, ಅದರ ಕೆಳಗೆ ಹಾಳೆಯನ್ನು ಹಿಡಿಯಿರಿ. ಹೊಸದಾಗಿ ಒಗೆದ ಬಿಳಿ ಅಂಗಿಯಂತೆ ನೀಲಿಯಾಗಿ ಬೆಳಗಿದರೆ, ಬಟ್ಟೆ ಸೋಪಿನಲ್ಲಿರುವಂಥದೇ ಬಿಳುಪುಕಾರಕ ಕಾಗದದಲ್ಲಿದೆ ಎಂದರ್ಥ. ಅದರ ಶಕ್ತಿ ವರ್ಷಗಳಲ್ಲಿ ಕುಂದುತ್ತದೆ, ಆಗ ಹಾಳೆ ಹಳದಿಯಾಗಿ ಕಾಣುತ್ತದೆ. ಬೆಳಗದೆ ಮಂಕಾಗಿ ಉಳಿದ, ತುಸು ಕೆನೆಬಣ್ಣದ ಹಾಳೆಯೇ ನಿಮ್ಮದು. ಮೈಸೂರು ಶೈಲಿಯ ಮಂದ ಹಸಿರಿಗೆ, ಎಳೆಯಂತಹ ರೇಖೆಗಳಿಗೆ ಆ ಕೆನೆಬಣ್ಣ ಒಪ್ಪುತ್ತದೆ.

ಶಾಯಿ ಪಿಗ್ಮೆಂಟೇ ಆಗಬೇಕು. ಅಂತಹ ಪ್ರಿಂಟರುಗಳಲ್ಲಿ ಕಪ್ಪು ಎರಡಿರುತ್ತದೆ, ಹೊಳಪಿನ ಹಾಳೆಗೆ ಫೋಟೊ ಬ್ಲ್ಯಾಕ್, ನಿಮ್ಮ ಹಾಳೆಗೆ ಮ್ಯಾಟ್ ಬ್ಲ್ಯಾಕ್. ಮುದ್ರಿಸುವಾಗ ಪ್ರಿಂಟರಿನ ಸೆಟ್ಟಿಂಗಿನಲ್ಲಿ ಹಾಳೆಯ ಬಗೆಯನ್ನು ತಪ್ಪಾಗಿ ಆರಿಸಿದರೆ ಕಪ್ಪು ಬೂದಿಯಾಗುತ್ತದೆ. ಸರಿಯಾಗಿ ಆರಿಸಿದರೂ ಮ್ಯಾಟ್ ಹಾಳೆಯ ಕಪ್ಪು ಗ್ಲಾಸಿ ಹಾಳೆಯಷ್ಟು ಆಳವಾಗಿ ಬಾರದು; ಅದು ಹಾಳೆಯ ಸ್ವಭಾವ. ಆ ಪ್ರಿಂಟರ್, ಆ ಶಾಯಿ, ಆ ಹಾಳೆ ಮೂರಕ್ಕೂ ಹೊಂದುವ ಬಣ್ಣದ ಪ್ರೊಫೈಲನ್ನು, ಅಂದರೆ ಬಣ್ಣ ಸರಿಯಾಗಿ ಬರುವಂತೆ ಹೊಂದಿಸುವ ಕಡತವನ್ನು, ದೊಡ್ಡ ಕಾಗದ ತಯಾರಕರು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತಾರೆ. ಅದು ಪ್ರಿಂಟರ್ ತಯಾರಕರದೇ ಶಾಯಿಯನ್ನು ಅಳೆದು ಮಾಡಿದ್ದು, ಬೇರೆ ಶಾಯಿ ತುಂಬಿದ ಯಂತ್ರಕ್ಕೆ ಉಪಯೋಗವಿಲ್ಲ.

ಇನ್ನೊಂದು ಸಣ್ಣ ಕೆಲಸವನ್ನು ಮರೆಯಬೇಡಿ. ಹತ್ತಿಯ ಹಾಳೆಯ ಮೇಲೆ ಬಿಡಿ ನಾರುಗಳು ಕೂತಿರುತ್ತವೆ. ಶಾಯಿ ಅದರ ಮೇಲೆ ಬೀಳುತ್ತದೆ, ಆಮೇಲೆ ಎಂದೋ ನಾರು ಉದುರಿ, ದೇವಿಯ ಕೆನ್ನೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಉಳಿಯುತ್ತದೆ. ಮುದ್ರಿಸುವ ಮುನ್ನ ಪ್ರತಿ ಹಾಳೆಯನ್ನೂ ಮೃದುವಾದ ಅಗಲ ಕುಂಚದಿಂದ ಒಮ್ಮೆ ಒರೆಸಿ, ಒಂದೊಂದಾಗಿ ಪ್ರಿಂಟರಿನ ಹಿಂಬದಿಯಿಂದ ಕೊಡಿ. ಮುಖ ಯಾವುದು ಬೆನ್ನು ಯಾವುದು ಎಂದು ತಿಳಿಯದಿದ್ದರೆ ತೇವದ ಬೆರಳಿನಿಂದ ಮೂಲೆ ಮುಟ್ಟಿ. ಲೇಪವಿರುವ ಮುಖ ಬೆರಳಿಗೆ ಅಂಟಿದಂತಾಗುತ್ತದೆ.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿದ್ದೇನೆ, ರಂಗನತಿಟ್ಟಿನ ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸ. ಮನೆಯ ನಾಲ್ಕು ಬಣ್ಣದ ಪ್ರಿಂಟರಿನಲ್ಲಿ ನೀರುಕಾಗೆಯ ಮೈ ಕಪ್ಪಾಗದೆ ಕಂದಾಗುತ್ತದೆ, ಆಕಾಶದಲ್ಲಿ ಚುಕ್ಕೆಗಳು ಕಾಣುತ್ತವೆ. ಒಮ್ಮೆ ಕಪ್ಪು ಚೆನ್ನಾಗಿಯೇ ಬಂತು, ಆದರೆ ಬೆರಳಿಗೆ ಹತ್ತಿತು.

ಉತ್ತರ: ಕ್ಯಾನನ್‌ನ ಜಿ ಸರಣಿಯ ಅನೇಕ ಯಂತ್ರಗಳಂತೆ ನಿಮ್ಮದರಲ್ಲೂ ಕಪ್ಪು ಪಿಗ್ಮೆಂಟ್, ಮಿಕ್ಕ ಮೂರು ಡೈ ಎಂದು ಕಾಣುತ್ತದೆ. ಆ ಕಪ್ಪು ಸಾದಾ ಕಾಗದದ ಅಕ್ಷರಗಳಿಗೆಂದು ಮಾಡಿದ್ದು, ಹೊಳಪಿನ ಲೇಪದೊಳಗೆ ಇಳಿಯುವುದಿಲ್ಲ. ಆದ್ದರಿಂದ ನೀವು ಗ್ಲಾಸಿ ಎಂದು ಆರಿಸಿದಾಗ ಯಂತ್ರ ಅದನ್ನು ಬಿಟ್ಟು ಮೂರು ಬಣ್ಣ ಬೆರೆಸಿಯೇ ಕಪ್ಪು ತರುತ್ತದೆ, ಅದು ಕಂದಿನ ಕಡೆಗೆ ವಾಲುತ್ತದೆ. ಕೈಗೆ ಹತ್ತಿದ ದಿನ ನೀವು ಸಾದಾ ಕಾಗದ ಎಂದು ಆರಿಸಿ ಫೋಟೊ ಹಾಳೆ ಇಟ್ಟಿರಬೇಕು. ಆಕಾಶದ ಚುಕ್ಕೆಗಳಿಗೆ ಹಾಳೆ ಬದಲಿಸಿ ಪ್ರಯೋಜನವಿಲ್ಲ. ಆರು ಬಣ್ಣದ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ತಿಳಿ ಸಯಾನ್, ತಿಳಿ ಮಜೆಂಟಾ ಎಂಬ ಎರಡು ಹೆಚ್ಚಿನ ಶಾಯಿಗಳಿರುವುದು ಇಂತಹ ತೆಳು ಬಣ್ಣಗಳಿಗಾಗಿಯೇ. ಚುಕ್ಕೆ ಬಿದ್ದರೂ ಕಣ್ಣಿಗೆ ಸಿಗುವುದಿಲ್ಲ. ವರ್ಷಕ್ಕೆ ಹತ್ತಾರು ಚಿತ್ರವಷ್ಟೇ ಆದರೆ ಹೊಸ ಯಂತ್ರ ಕೊಳ್ಳಬೇಡಿ, ಆರು ಬಣ್ಣದ ಯಂತ್ರವಿರುವ ಸ್ಟುಡಿಯೊದಲ್ಲಿ ಮುದ್ರಿಸಿಕೊಳ್ಳಿ.

ಪ್ರಶ್ನೆ: ದಸರಾ ರಜೆ ಮುಗಿಸಿ ಬಂದರೆ ಫೋಟೊದ ಉದ್ದಕ್ಕೂ ಬಿಳಿ ಗೆರೆ. ಆರು ಸಲ ಹೆಡ್ ಕ್ಲೀನಿಂಗ್ ಮಾಡಿದೆ, ಹೋಗಲಿಲ್ಲ. (ಮೈಸೂರು)

ಉತ್ತರ: ನಿಲ್ಲಿಸಿ. ಫೋಟೊ ಪ್ರಿಂಟರ್ ಉದುರಿಸುವ ಹನಿ ಒಂದೆರಡು ಪಿಕೋಲೀಟರಿನಷ್ಟು ಸಣ್ಣದು. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯ ಒಂದು ಪಾಲು. ಆ ಹನಿ ಹೊರಬರುವ, ಹೆಡ್ಡಿನ ನಾಝಲ್ ಎಂಬ ಸೂಕ್ಷ್ಮ ರಂಧ್ರದಲ್ಲಿ ಶಾಯಿ ಒಣಗಿ ಕೂತಿದೆ. ಕ್ಲೀನಿಂಗ್ ಮಾಡಿದಷ್ಟೂ ಒಳ್ಳೆಯ ಶಾಯಿ ಯಂತ್ರದೊಳಗಿನ ಹೀರುಪಟ್ಟಿಗೆ ಹೋಗುತ್ತದೆ, ಆ ಪಟ್ಟಿ ತುಂಬಿದರೆ ಯಂತ್ರವೇ ನಿಲ್ಲುತ್ತದೆ. ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಒಂದೇ ಸಲ ಕ್ಲೀನಿಂಗ್ ಮಾಡಿ ನಾಝಲ್ ಚೆಕ್ ಎಂಬ ಪರೀಕ್ಷೆಯ ಹಾಳೆ ತೆಗೆಯಿರಿ. ಗೆರೆಗಳು ಕಡಿಮೆಯಾಗಿದ್ದರೆ ಮರುದಿನವೂ ಅಷ್ಟೇ ಮಾಡಿ, ಆಗದಿದ್ದರೆ ಸರ್ವಿಸಿಗೆ ಕೊಡಿ. ಮುಂದಿನ ರಜೆಗೆ ಹೊರಡುವಾಗ ಪ್ರಿಂಟರನ್ನು ಅದರದೇ ಗುಂಡಿ ಒತ್ತಿ ಆರಿಸಿ, ಗೋಡೆಯ ಸ್ವಿಚ್ಚಿನಿಂದಲ್ಲ. ಗುಂಡಿ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ವಾರಕ್ಕೊಂದು ಬಣ್ಣದ ಹಾಳೆ ತೆಗೆಯಲು ಹೇಳಿ ಹೋಗಿ.